ಬುಕಿತ್ ಲಾಡಾದ ಏಕೈಕ ಪಾದಚಾರಿ

ಬುಕಿತ್ ಲಾಡಾ ನಗರದ ಜನಸಂಖ್ಯೆ ನಾಲ್ಕು ಲಕ್ಷದ ಹನ್ನೊಂದು ಸಾವಿರ. ಪಾದಚಾರಿಗಳ ಸಂಖ್ಯೆ ಒಂದು. ಇದು ನಗರಸಭೆಯ ವರದಿಯಲ್ಲಿ ಅಧಿಕೃತವಾಗಿ ದಾಖಲಾಗಿದೆ.

ಆ ಒಬ್ಬರು ಹಸ್ನಿಯಾ. ಅರವತ್ತೆರಡು ವರ್ಷ, ಶಾಲಾ ಗ್ರಂಥಪಾಲಕಿಯಾಗಿ ನಿವೃತ್ತಿ. ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಪರೀಕ್ಷಕರೇ ರಜೆ ಹಾಕಿದ್ದರಿಂದ ಕಾರಿನ ಆಸೆ ಬಿಟ್ಟವರು. ಅವರ ಫ್ಲ್ಯಾಟಿನ ಎದುರಿಗೇ ಮಾರುಕಟ್ಟೆ. ಅಲ್ಲಿ ತೆಂಗಿನಹಾಲಿನ ಅನ್ನ ಮಾರುವ ರೊಕಿಯಾ ಮೂವತ್ತು ವರ್ಷಗಳಿಂದ ಗೆಳತಿ. ದಿನಾ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕಾಫಿ ಕುಡಿದು ಊರಿನ ಸೊಸೆಯಂದಿರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದರು. ನಡುವಿನ ರಸ್ತೆಯನ್ನು ನಗರಸಭೆ ಆರು ಪಥಕ್ಕೆ ಅಗಲ ಮಾಡಿದ ಮೇಲೆ ದಾಟುವುದಕ್ಕೆ ಮುಕ್ಕಾಲು ಗಂಟೆ ಹಿಡಿಯತೊಡಗಿತು. ಭೇಟಿ ವಾರಕ್ಕೊಮ್ಮೆಗೆ ಇಳಿಯಿತು. ಉಳಿದ ದಿನ ಈ ಬದಿಯಿಂದ ಒಬ್ಬರು, ಆ ಬದಿಯಿಂದ ಒಬ್ಬರು ಕೈ ಬೀಸುತ್ತಿದ್ದರು. ಕೈ ಬೀಸಿ ಸೊಸೆಯಂದಿರ ಸುದ್ದಿ ಹೇಳಲು ಬರುವುದಿಲ್ಲವಲ್ಲ ಎಂದು ಹಸ್ನಿಯಾಗೆ ಸಂಕಟ. ರಸ್ತೆ ದಾಟಲು ಬಿಳಿಪಟ್ಟೆ ಬಳಿದುಕೊಡಬೇಕೆಂದು ಅರ್ಜಿ ಹಾಕಿದರು.

ಹನ್ನೊಂದು ತಿಂಗಳಿಗೆ ಪಾದಚಾರಿ ವ್ಯವಹಾರಗಳ ವಿಭಾಗದ ಸಹಾಯಕ ಅಧಿಕಾರಿ ಜಾಫ್ರಿ ನಮೂನೆ ಹಿಡಿದುಕೊಂಡು ಕಾರಿನಲ್ಲಿ ಬಂದ.

"ಮಕ್ ಚಿಕ್, ನೀವು ನಿಜವಾಗ್ಲೂ ನಡೀತೀರಾ?" ಎಂದು, ಊರ ವಾಡಿಕೆಯಂತೆ ಚಿಕ್ಕಮ್ಮ ಎಂದೇ ಕರೆದು, ಕೇಳಿದ.

"ನಡೀತೀನಪ್ಪ."

"ವ್ಯಾಯಾಮಕ್ಕಾ?"

"ಮೀನು ತರೋಕೆ."

ಜಾಫ್ರಿ ಪೆನ್ನು ಎತ್ತಿದ. ನಡೆಯುವುದಕ್ಕೆ ನಮೂನೆಯಲ್ಲಿ ಮೂರೇ ಕಾರಣಗಳಿದ್ದವು: ವ್ಯಾಯಾಮ, ಮೆರವಣಿಗೆ, ವಾಹನ ಕೆಟ್ಟಿರುವುದು.

"ಮೆರವಣಿಗೆ ಅಂತ ಹಾಕ್ಲಾ?"

"ನಾನೊಬ್ಬಳೇ ಹೋಗೋದು."

"ಸಣ್ಣ ಮೆರವಣಿಗೆ," ಎಂದು ಬರೆದುಕೊಂಡ.

ಅರ್ಜಿ ತಿರಸ್ಕೃತವಾಯಿತು. ಗಂಟೆಗೆ ಇನ್ನೂರು ಜನ ದಾಟುವ ಕಡೆ ಮಾತ್ರ ಬಿಳಿಪಟ್ಟೆ ಬಳಿಯತಕ್ಕದ್ದು ಎಂಬುದು ನಿಯಮ. ಆದರೆ ಅರ್ಜಿದಾರರಿಗೆ ನಿರಾಶೆಯಾಗಬಾರದೆಂದು ನಗರಸಭೆ ಅವರ ಹೆಸರಿನಲ್ಲಿ ಒಂದು ಕಾಲುದಾರಿಯನ್ನೇ ಮಂಜೂರು ಮಾಡಿತು. ಉದ್ಘಾಟನೆಗೆ ಬರುವ ಗಣ್ಯರ ಕಾರು ನಿಲ್ಲಿಸಲು ಜಾಗ ಬೇಕಿದ್ದುದರಿಂದ ಅದನ್ನು ಊರಾಚೆ, ಏಳು ಕಿಲೋಮೀಟರ್ ದೂರದಲ್ಲಿ ಕಟ್ಟಲಾಯಿತು. ಪ್ರಕಟಣೆ ಹೀಗಿತ್ತು: "ನಗರದ ಪಾದಚಾರಿಯ ಅನುಕೂಲಕ್ಕಾಗಿ ಮುನ್ನೂರು ಮೀಟರ್ ಉದ್ದದ ಕಾಲುದಾರಿ ಸಿದ್ಧವಾಗಿದೆ. ಸದರಿ ಪಾದಚಾರಿಯು ತಿಂಗಳಿಗೆ ಇಪ್ಪತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಇದರ ಸದುಪಯೋಗ ಪಡೆಯತಕ್ಕದ್ದು."

"ಅಷ್ಟು ದೂರ ಹೇಗೆ ಬರ್ಲಿ?" ಎಂದು ಹಸ್ನಿಯಾ ಜಾಫ್ರಿಯನ್ನು ಕೇಳಿದರು.

"ಎಲ್ಲರೂ ಬರೋ ಹಾಗೇ."

"ಎಲ್ಲರ ಹತ್ರ ಕಾರಿದೆಯಪ್ಪ."

ಜಾಫ್ರಿ ತಲೆ ಕೆರೆದುಕೊಂಡ. "ನೀವು ನಡೀದಿದ್ರೆ ವಿಭಾಗ ಮುಚ್ತಾರೆ ಮಕ್ ಚಿಕ್. ನನ್ನನ್ನ ಚರಂಡಿ ವಿಭಾಗಕ್ಕೆ ಹಾಕ್ತಾರೆ. ನಂಗೆ ಆ ವಾಸನೆ ಆಗಲ್ಲ."

ಹುಡುಗನ ಮುಖ ನೋಡಿ ಹಸ್ನಿಯಾಗೆ ಪಾಪ ಅನ್ನಿಸಿತು. ನಡೆಯಲು ಒಪ್ಪಿದರು. ಮರುದಿನದಿಂದ ಅವರನ್ನು ನಡೆಯಲು ಕರೆದೊಯ್ಯುವುದಕ್ಕೆ ನಗರಸಭೆಯ ಕಾರು, ಪುಷ್ಪನಾದನ್ ಎಂಬ ಚಾಲಕನ ಸಮೇತ, ಮಂಜೂರಾಯಿತು.

ಕಾರು ಮೂರು ಕಿಲೋಮೀಟರ್ ಹೋಗಿ, ರಸ್ತೆಯ ಆ ಬದಿಗೆ ತಿರುಗಿ ಮರಳಿ ಬಂದು, ಮಾರುಕಟ್ಟೆಯ ಮುಂದೆಯೇ ಹಾದು ಕಾಲುದಾರಿಯ ಕಡೆ ಹೋಗುತ್ತಿತ್ತು. ಮೊದಲ ದಿನ ಕಿಟಕಿಯಿಂದ ರೊಕಿಯಾಳನ್ನು ಕಂಡ ಹಸ್ನಿಯಾ, "ಇಲ್ಲೊಂದು ಗಳಿಗೆ ನಿಲ್ಲಿಸ್ತೀರಾ?" ಎಂದರು. ಮುಂದಿನ ಸೀಟಿನಲ್ಲಿದ್ದ ಜಾಫ್ರಿ ನಿಯಮ ಓದಿದ: ನಡಿಗೆಯ ಹೊರತು ಬೇರೆ ಉದ್ದೇಶಕ್ಕೆ ಕಾರು ನಿಲ್ಲಿಸುವಂತಿಲ್ಲ.

"ಎಂಜಿನ್ ಬಿಸಿಯಾದ್ರೆ ನಿಲ್ಲಿಸ್ಬಹುದಾ ಸಾರ್?" ಪುಷ್ಪನಾದನ್ ಕೇಳಿದ.

"ಬಿಸಿಯಾಗಿದೆಯಾ?"

"ಈ ಊರಲ್ಲಿ ತಣ್ಣಗಿರೋದು ಯಾವುದಿದೆ ಸಾರ್. ಅರ್ಧ ಗಂಟೆ ಬಿಟ್ರೆ ಆರುತ್ತೆ."

ಅಂದಿನಿಂದ ಪ್ರತಿದಿನ ಎಂಟು ಗಂಟೆಗೆ ಎಂಜಿನ್ ಬಿಸಿಯಾಯಿತು. ಮಾರುಕಟ್ಟೆಯ ಮುಂದೆ ಇಳಿದ ಗೆಳತಿಯನ್ನು ರೊಕಿಯಾ ಅಡಿಯಿಂದ ಮುಡಿಯವರೆಗೆ ನೋಡಿದಳು. "ಬನ್ನಿ ಮಹಾರಾಣಿ. ಎದುರುಮನೆಯಿಂದ ಬರೋಕೂ ಸರ್ಕಾರಿ ಕಾರು ಬೇಕಾಯ್ತಾ?"

"ಮೊದ್ಲು ಕಾಫಿ ಕೊಡೆ. ಆಮೇಲೆ ನಿನ್ನ ನಡುವಿನ ಸೊಸೆ ಕಥೆ ಹೇಳು," ಎಂದು ಹಸ್ನಿಯಾ ಕುರ್ಚಿ ಎಳೆದುಕೊಂಡರು. ವರ್ಷದ ಬಾಕಿ ಮಾತು ಮುಗಿಯಲು ಮೂರು ವಾರ ಹಿಡಿಯಿತು. ಜಾಫ್ರಿಯೂ ಪುಷ್ಪನಾದನ್ನೂ ಎರಡೆರಡು ಪೊಟ್ಟಣ ಅನ್ನ ತಿಂದು ಎಂಜಿನ್ ಆರುವುದನ್ನು ಕಾಯ್ದರು.

ಆಮೇಲೆ ಹಸ್ನಿಯಾ ಕಾಲುದಾರಿಗೆ ಹೋಗಿ ಮುನ್ನೂರು ಮೀಟರ್ ನಡೆದು ಸಹಿ ಹಾಕುತ್ತಿದ್ದರು. ನೆರಳು ಚೆನ್ನಾಗಿತ್ತು, ಹಾಸುಗಲ್ಲು ಗುಲಾಬಿ ಬಣ್ಣದ್ದು. ಅವರ ಫೋಟೋ ಪತ್ರಿಕೆಯಲ್ಲಿ ಬಂತು. ನೋಡಿದ ಜನಕ್ಕೂ ನಡೆಯುವ ಹುಮ್ಮಸ್ಸು ಹುಟ್ಟಿ, ಕುಟುಂಬ ಸಮೇತ ಕಾರು ಹತ್ತಿ ಬಂದರು. ಕಾರು ನಿಲ್ಲಿಸಲು ಜಾಗ ಸಾಲದಾಯಿತು. ನಡೆಯುವವರ ಸಂಖ್ಯೆ ಹೆಚ್ಚಿದ ಕಾರಣ ನಡೆಯುವ ಜಾಗವನ್ನು ಕಡಿಮೆ ಮಾಡುವುದು ಅನಿವಾರ್ಯವೆಂದು ನಗರಸಭೆ ವಿಷಾದಪೂರ್ವಕವಾಗಿ ತಿಳಿಸಿ, ಇನ್ನೂರರವತ್ತು ಮೀಟರನ್ನು ವಾಹನ ನಿಲುಗಡೆಗೆ ಬಿಟ್ಟುಕೊಟ್ಟಿತು. ಉಳಿದ ನಲವತ್ತು ಮೀಟರಿನಲ್ಲಿ ಟೋಕನ್ ಪ್ರಕಾರ ನಡೆಯುವ ಏರ್ಪಾಡಾಯಿತು. ಜಾಫ್ರಿಗೆ ಬಡ್ತಿ ಸಿಕ್ಕಿತು.

ಪಾದಚಾರಿಗಳ ಸಂಘವೂ ಸ್ಥಾಪನೆಯಾಯಿತು. ಅಧ್ಯಕ್ಷರಾದ ದಂತವೈದ್ಯರು ನಾಲ್ಕನೆಯ ನಿಯಮವನ್ನು ಓದಿದರು: "ಕಾಲುದಾರಿಗೆ ಬರಲು ಬೇರೆ ಮಾರ್ಗವಿಲ್ಲದ ಕಾರಣ, ಸ್ವಂತ ಕಾರುಳ್ಳವರಿಗೆ ಮಾತ್ರ ಸದಸ್ಯತ್ವ." ಓದಿದ ಮೇಲೆ ಹಸ್ನಿಯಾರನ್ನು ಕಂಡು ಕೊಂಚ ತಡವರಿಸಿದರು. "ಮಕ್ ಚಿಕ್, ನಿಮ್ಮದೇನಾದ್ರೂ ಆಕ್ಷೇಪಣೆ ಇದೆಯಾ?"

"ಏನೂ ಇಲ್ಲ ಡಾಕ್ಟ್ರೇ. ಕಾರಿಲ್ಲದೋರನ್ನೆಲ್ಲ ಸೇರಿಸ್ಕೊಂಡ್ರೆ ನಡೆಯೋಕೆ ಜಾಗ ಎಲ್ಲಿ ಉಳಿಯುತ್ತೆ?"

ನಿಯಮ ಸರ್ವಾನುಮತದಿಂದ ಅಂಗೀಕಾರವಾಯಿತು. ಹಸ್ನಿಯಾರ ಉದಾರತೆಯನ್ನು ಮೆಚ್ಚಿ ಸಭೆ ಅವರಿಗೆ ಖಾಯಂ ಅತಿಥಿ ಎಂಬ ಸ್ಥಾನ ಕೊಟ್ಟಿತು. ಅತಿಥಿಗಳು ಆಯಾಸಪಡಬಾರದೆಂದು, ನಡೆಯದೆಯೂ ನಡೆದಂತೆ ನಮೂದಿಸಲು ಜಾಫ್ರಿಗೆ ಅಧಿಕಾರ ಕೊಟ್ಟಿತು. ಜಾಫ್ರಿ ಅಲ್ಲೇ ಮುದ್ರೆ ಒತ್ತಿದ. ಹಸ್ನಿಯಾ ತಮ್ಮ ಟೋಕನ್ನನ್ನು ದಂತವೈದ್ಯರ ಕೈಗಿತ್ತು, ರೊಕಿಯಾಳ ಕಾಫಿಗೆಂದು ಕಾರು ಹತ್ತಿದರು. ಡಾಕ್ಟರು ಆ ದಿನ ಎರಡು ಸಲ ನಡೆದರು.