ಗಿಡುಗ ದೇವರ ಗುಡಿಯಲ್ಲಿ ಅಮ್ಮನ ತೀರ್ಥ

ನಮ್ಮ ಕಡೆಯವರು ಎಲ್ಲಿಗೇ ಹೋಗಲಿ, ಏನಾದರೊಂದು ಎಡವಟ್ಟು ಮಾಡಿಕೊಳ್ಳದೆ ವಾಪಸ್ ಬಂದಿದ್ದೇ ಇಲ್ಲ. ದೊಡ್ಡಬಳ್ಳಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷ ಈಜಿಪ್ಟಿನ ಪಾಠ ಮಾಡಿದ ನಾನು ಕೊನೆಗೂ ಅದನ್ನು ಕಣ್ಣಾರೆ ನೋಡಲು ಅಮ್ಮನ ಜೊತೆ ಹೊರಟೆ. ತಂಡದಲ್ಲಿ ನಮ್ಮ ಜಿಲ್ಲೆಯವರೇ ಇನ್ನೂ ಹತ್ತು ಜನ. ಗೈಡು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವ ಕೆಲಸ ನನ್ನ ತಲೆಗೆ ಬಿತ್ತು.

೧. ಚಪ್ಪಲಿ

ನೈಲ್ ದಂಡೆಯ ಎಡ್ಫುವಿನಲ್ಲಿ ಎರಡು ಸಾವಿರ ವರ್ಷ ಹಳೆಯ ಗುಡಿಯಿದೆ. "ನಾಳೆ ದೇವಸ್ಥಾನ" ಎಂದು ನಾನು ಹಿಂದಿನ ದಿನ ಹೇಳಿದ್ದೇ ತಪ್ಪಾಯಿತು. ಬೆಳಿಗ್ಗೆ ಅಮ್ಮ ತಿಂಡಿ ಮುಟ್ಟಲಿಲ್ಲ.

"ದೇವಸ್ಥಾನಕ್ಕೆ ತಿಂದ್ಕೊಂಡು ಹೋಗ್ತಾರೇನೇ? ತೀರ್ಥ ತಗೊಂಡ್ಮೇಲೆ ತಿಂತೀನಿ."

ಎಪ್ಪತ್ತೆರಡು ವರ್ಷ, ಮೇಲೆ ಸಕ್ಕರೆ ಕಾಯಿಲೆ. ಪುಳಿಯೋಗರೆ ಡಬ್ಬಿಯನ್ನೂ ಮಾತ್ರೆಯನ್ನೂ ಚೀಲಕ್ಕೆ ಹಾಕಿಕೊಂಡೆ. ನಿಜವಾಗಿಯೂ ಭಯವಾಗಿತ್ತು.

ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ಕಲ್ಲು ಸುಡುತ್ತೆ, ಬಿಡಬೇಡಿ ಎಂದು ಗೈಡು ಬೇಡಿಕೊಂಡ. ಯಾರು ಕೇಳುತ್ತಾರೆ? ಹೊಸಕೋಟೆಯ ತರಕಾರಿ ವ್ಯಾಪಾರಿಯೊಬ್ಬರು ಚಪ್ಪಲಿಗಳ ಪಕ್ಕದಲ್ಲೇ ಕೂತುಬಿಟ್ಟರು.

"ಇಷ್ಟು ಜನ ಓಡಾಡೋ ಕಡೆ ಬಿಟ್ಟೋದ್ರೆ ಇರ್ತವಾ ಮೇಡಂ? ನೀವು ನೋಡ್ಕೊಂಡ್ ಬನ್ನಿ, ನಾನು ಕಾಯ್ತೀನಿ."

ಸಮುದ್ರ ದಾಟಿ ಬಂದವರು ಗುಡಿಯ ಒಳಗೆ ಕಾಲಿಡಲೇ ಇಲ್ಲ. ಈಗಲೂ ಯಾರಾದರೂ ಈಜಿಪ್ಟ್ ಹೇಗಿತ್ತು ಎಂದು ಕೇಳಿದರೆ, "ಒಂದು ಜೊತೆನೂ ಹೋಗ್ಲಿಲ್ಲ" ಅನ್ನುತ್ತಾರೆ.

೨. ಪಾಯಿಂಟ್

ಒಳಗೊಂದು ಕಡೆ ಕೆಳಕ್ಕಿಳಿಯುವ ಮೆಟ್ಟಿಲುಗಳಿದ್ದವು. ಹಿಂದೆ ಅರ್ಚಕರು ಇಲ್ಲಿ ಇಳಿದು ನದಿ ಎಷ್ಟು ಏರಿದೆ ಎಂದು ನೋಡಿ, ಆ ವರ್ಷದ ಬೆಳೆ ಹೇಗಾದೀತು ಎಂದು ಹೇಳುತ್ತಿದ್ದರಂತೆ. ತೂಬಗೆರೆಯ ರೈತರೊಬ್ಬರು ಬಗ್ಗಿ ನೋಡಿದರು.

"ಇಷ್ಟು ಆಳಕ್ಕೇ ನೀರಾ? ನಮ್ಮ ತೋಟದಲ್ಲಿ ಸಾವಿರದಿನ್ನೂರು ಅಡಿ ಬೋರ್ ಕೊರೆಸಿದ್ರೂ ಬರೀ ಧೂಳು. ಇಲ್ಲಿ ನೀರಿನ ಪಾಯಿಂಟ್ ನೋಡಿದೋರು ಯಾರು ಕೇಳಿ ಮೇಡಂ, ನಂಬರ್ ಇಸ್ಕೊಳಾಣ."

"ಅದು ನದಿ ನೀರು. ನೋಡ್ತಿದ್ದ ಅರ್ಚಕರು ಸತ್ತು ಎರಡು ಸಾವಿರ ವರ್ಷ ಆಯ್ತು" ಅಂದೆ.

ಅವರು ಲೊಚಗುಟ್ಟಿದರು. "ಚೆನ್ನಾಗಿ ಪಾಯಿಂಟ್ ನೋಡೋರೆಲ್ಲ ಹಿಂಗೇ, ಬೇಗ ಹೋಗ್ಬಿಡ್ತಾರೆ."

೩. ಉತ್ಸವಕ್ಕೆ ಹೋದ ದೇವರು

ಅಂಗಳದಲ್ಲಿ ಕಲ್ಲಿನ ದೊಡ್ಡ ಗಿಡುಗ. ಅಮ್ಮ ಕೈಮುಗಿದು, "ಗರುಡ! ಹಂಗಾದ್ರೆ ಒಳಗಿರೋನು ನಾರಾಯಣ" ಅಂದರು. ಅಲ್ಲಮ್ಮಾ, ಈ ದೇವರ ಹೆಸರು ಹೋರಸ್ ಎಂದು ಪಾಠ ಶುರು ಮಾಡಿದೆ. ಈ ಗುಡಿ ಒಂದು ಕಾಲದಲ್ಲಿ ಛಾವಣಿವರೆಗೆ ಮರಳಲ್ಲಿ ಹೂತುಹೋಗಿತ್ತು, ಮೇಲೆ ಜನ ಮನೆ ಕಟ್ಟಿಕೊಂಡಿದ್ದರು ಎಂದೆಲ್ಲ ಹೇಳಿದೆ. "ಊರೂರಿಗೂ ಹೆಸರು ಬೇರೆ ಇರುತ್ತೆ ಬಿಡೇ" ಎಂದು ಅಮ್ಮ ಮುಂದೆ ನಡೆದರು.

ಗರ್ಭಗುಡಿಯಲ್ಲಿ ಮೂರ್ತಿ ಇರಲಿಲ್ಲ. ಕಪ್ಪು ಕಲ್ಲಿನ ಖಾಲಿ ಮಂಟಪ, ಎದುರಿಗೊಂದು ದೋಣಿ. ದೇವರನ್ನು ದೋಣಿಯಲ್ಲಿಟ್ಟು ಮೆರವಣಿಗೆ ಮಾಡುತ್ತಿದ್ದರು ಎಂದು ಗೈಡು ಹೇಳಿದ.

"ಹಂಗಾದ್ರೆ ಉತ್ಸವಕ್ಕೆ ಹೋಗವ್ರೆ. ಬರ್ಲಿ, ಕಾಯ್ತೀನಿ" ಎಂದು ಅಮ್ಮ ಗೋಡೆಗೆ ಒರಗಿ ಕೂತರು.

ಹನ್ನೆರಡು ಗಂಟೆಯಾಗುತ್ತಿತ್ತು. ಅವರ ತುಟಿ ಒಣಗಿತ್ತು. ಡಬ್ಬಿ ತೆಗೆದೆ, ಬೇಡಿಕೊಂಡೆ, ಬೈದೆ. ಅಮ್ಮ ಜಗ್ಗಲಿಲ್ಲ. ಗುಡಿಯ ಹೆಸರು ಎತ್ತಿದ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳುವಂತಾಯಿತು.

ಅಷ್ಟರಲ್ಲಿ ಬಿಳಿ ನಿಲುವಂಗಿ ತೊಟ್ಟು, ತಲೆಗೆ ಬಿಳಿ ಬಟ್ಟೆ ಸುತ್ತಿದ ವಯಸ್ಸಾದ ಕಾವಲುಗಾರರೊಬ್ಬರು ಅಲ್ಲಿಗೆ ಬಂದರು. ಅಮ್ಮ ತಟ್ಟನೆ ಎದ್ದು, ಎಡಗೈಯಲ್ಲಿ ಸೆರಗು ಹಿಡಿದು ಅದರ ಮೇಲೆ ಬಲ ಅಂಗೈ ಬಗ್ಗಿಸಿ ಚಾಚಿದರು. ಆತ ಒಮ್ಮೆ ಕೈ ನೋಡಿದರು, ಒಮ್ಮೆ ಒಣಗಿದ ತುಟಿ ನೋಡಿದರು. ತಮ್ಮ ನೀರಿನ ಬಾಟಲಿಯ ಮುಚ್ಚಳ ತೆಗೆದು ಸುರಿದರು.

ಅಮ್ಮ ಕಣ್ಣಿಗೊತ್ತಿಕೊಂಡು ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡರು. ತಿರುಗಿ ನೋಡಿದರೆ ನಮ್ಮವರೆಲ್ಲ ಸಾಲಾಗಿ ಕೈಚಾಚಿ ನಿಂತಿದ್ದಾರೆ! ಪಾಪ, ಆ ಮನುಷ್ಯ ಬೇಸರಪಡದೆ ಎಲ್ಲರಿಗೂ ಸುರಿದರು. ಸಾಲಿನ ಕೊನೆಯಲ್ಲಿ ಗುರುತಿಲ್ಲದ ಇಬ್ಬರು ಬಿಳಿಯರೂ ಸೇರಿಕೊಂಡಿದ್ದರು.

"ಇದು ಯಾವ ರಾಜನ ಕಾಲದ ಪದ್ಧತಿ?" ಎಂದು ಗೈಡು ನನ್ನನ್ನೇ ಕೇಳಿದ. ಇಪ್ಪತ್ತಾರು ವರ್ಷ ಪಾಠ ಮಾಡಿದ ನಾನು ಅಮ್ಮನ ಕೈ ಹಿಡಿದು ಹೊರಗೆ ನಡೆದೆ.

ಹೊರಗೆ ನೆರಳಲ್ಲಿ ಅಮ್ಮ ಪುಳಿಯೋಗರೆ ತಿಂದು ಮಾತ್ರೆ ನುಂಗಿದರು. ನನಗೆ ಹೋದ ಜೀವ ಬಂತು. ನಿಜ ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಅವರೇ ಒದ್ದೆ ಸೆರಗು ಹಿಂಡುತ್ತಾ ಹೇಳಿದರು:

"ನಮ್ಮೂರ ಪೂಜಾರಪ್ಪ ಚಮಚದಲ್ಲಿ ಮೂರು ತೊಟ್ಟು ಹಾಕ್ತಾನೆ. ಈ ಪುಣ್ಯಾತ್ಮ ನೋಡೇ, ಎರಡು ಸಾವಿರ ವರ್ಷದಿಂದ ಯಾರಿಗೂ ಕೊಡದೆ ಮಿಕ್ಕಿದ್ದನ್ನೆಲ್ಲ ನನ್ನ ಕೈಗೇ ಹುಯ್ದುಬಿಟ್ಟ!"