ಅತ್ತೆಗೊಂದು ಶವರ್

ತುರ್ಗುನ್ ಶವರ್ ಕೊಂಡು ತಂದದ್ದು ಭಾನುವಾರ. ಗೋಡೆಯಿಂದ ಮೂತಿ ಚಾಚಿದ್ದ ಕಬ್ಬಿಣದ ಪೈಪು ಮುಕ್ಕಾಲು ಇಂಚಿನದು, ಶವರಿನದು ಅರ್ಧ ಇಂಚಿನದು ಅಂತ ಗೊತ್ತಾದದ್ದು ಸೋಮವಾರ ಬೆಳಿಗ್ಗೆ. ಸೋಮವಾರ ಉಜ್ಬೇಕಿಸ್ತಾನದ ಆ ಕೋಕಂದ್ ಊರಿನಲ್ಲಿ ಬಜಾರಿಗೆ ರಜಾ. ಅದೇ ಸಂಜೆ ಆರರ ರೈಲಿಗೆ ಅತ್ತೆಯ ಸವಾರಿ.

ಹಾಸಿಯತ್ ಅತ್ತೆ ಹೋದ ಸಲ ಬಂದಿದ್ದಾಗ ಸಣ್ಣಗೆ ಸುರಿಯುವ ನಲ್ಲಿಯಡಿ ತುಂಬಿಸಿದ ಬಕೆಟ್ಟಿನಿಂದ ನೀರು ಮೊಗೆದುಕೊಂಡು ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದು, "ಪರವಾಗಿಲ್ಲ ಅಳಿಯಂದಿರೇ, ನಮ್ಮಜ್ಜಿ ಕೂಡ ಹೀಗೇ ಮಾಡ್ತಿದ್ರು" ಅಂದಿದ್ದರು. ಅಷ್ಟೇ. ಆ 'ಪರವಾಗಿಲ್ಲ' ಎಂಟು ತಿಂಗಳಿಂದ ತುರ್ಗುನ್‌ನ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಇನ್ನೊಂದು ಸಲ ಅತ್ತೆ ಈ ಮನೆಯಲ್ಲಿ ಬಕೆಟ್ ಮುಟ್ಟಿದರೆ ಕೇಳು ಅಂತ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡಿದ್ದ.

"ಒಂದು ಕಡೆ ದೊಡ್ಡ ಬಾಯಿ, ಒಂದು ಕಡೆ ಚಿಕ್ಕ ಬಾಯಿ, ರಿಡ್ಯೂಸರ್ ಅಂತ ಒಂದು ಸಿಗುತ್ತಂತೆ ರೀ. ನಿನ್ನೆಯೇ ತರೋದಲ್ವಾ?" ಅಂದಳು ಮಸ್ತೂರಾ.

"ಅದು ಸಿಗೋದು ನಾಳೆ. ನಿಮ್ಮಮ್ಮ ಬರೋದು ಇವತ್ತು," ಅಂದ ತುರ್ಗುನ್, ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪಿನದೊಂದು ತುಂಡು ಕತ್ತರಿಸಿ ಎರಡರ ನಡುವೆ ತುರುಕಿ, ನಾರು ಬಿಗಿದು, ನೀರು ಬಿಟ್ಟ. ರಬ್ಬರು ಕಪ್ಪೆಯ ಗಂಟಲಿನಂತೆ ಉಬ್ಬಿತು, ಹಾರಿತು, ಅವನ ಹಣೆಗೇ ಬಡಿಯಿತು. "ಅಯ್ಯಯ್ಯೋ!" ಅಂದದ್ದು ಬೀದಿಗೆಲ್ಲ ಕೇಳಿಸಿತು.

ಕೆಟ್ಟದ್ದೇ ಅಲ್ಲಿ. ಆ ಕೇರಿಯಲ್ಲಿ ಒಬ್ಬನ ಮನೆಯಲ್ಲಿ ಸುತ್ತಿಗೆ ಸದ್ದಾದರೆ ಊರೆಲ್ಲ ಮುಯ್ಯಾಳಾಗಿ ಬಂದು ನಿಲ್ಲುವುದು ಪದ್ಧತಿ. ಕೂಲಿ ಕೇಳುವಂತಿಲ್ಲ, ಬೇಡ ಅನ್ನುವಂತೆಯೂ ಇಲ್ಲ. ಮನೆಯವನು ಬಂದವರಿಗೆ ಒಂದು ಕಡಾಯಿ ಪಲಾವ್ ಬೇಯಿಸಿ ಹಾಕಬೇಕು, ಅಷ್ಟೆ.

ಮೊದಲು ಬಂದವರು ಟ್ರ್ಯಾಕ್ಟರ್ ಮೆಕ್ಯಾನಿಕ್ಕಾಗಿ ನಿವೃತ್ತರಾಗಿದ್ದ ಎರ್ಗಶಣ್ಣ, ಕಂಕುಳಲ್ಲಿ ತಗಡಿನ ಡಬ್ಬಿ. "ಲೋ ತುರ್ಗುನ್, ಮೂವತ್ತು ವರ್ಷದಿಂದ ಒಂದು ನಟ್ಟನ್ನೂ ಬಿಸಾಕಿಲ್ಲ ನಾನು. ಈ ದಿನಕ್ಕೇ ಅಂತ ಇಟ್ಟಿದ್ದು!"

ಡಬ್ಬಿಯಲ್ಲಿ ಎಲ್ಲವೂ ಇತ್ತು, ಬೇಕಾದದ್ದೊಂದು ಬಿಟ್ಟು. ಮುಕ್ಕಾಲಿಂದ ಒಂದು ಇಂಚಿಗೆ ಹೋಗುವುದಿತ್ತು. ಒಂದು ಇಂಚಿಂದ ಟ್ರ್ಯಾಕ್ಟರಿನ ಡೀಸೆಲ್ ಕೊಳವೆಗೆ ಹೋಗುವುದಿತ್ತು. ಒಂದರ ಬಾಲಕ್ಕೆ ಇನ್ನೊಂದು ಕಟ್ಟುತ್ತ ಏಳನೆಯ ತುಂಡಿಗೆ ಅರ್ಧ ಇಂಚು ಬಂತು ನಿಜ. ಅಷ್ಟು ಹೊತ್ತಿಗೆ ಶವರು ಬಚ್ಚಲ ಬಾಗಿಲು ದಾಟಿ ಅಂಗಳದ ದ್ರಾಕ್ಷಿ ಚಪ್ಪರ ಸೇರಿತ್ತು.

"ಅತ್ತೆ ಅಂಗಳದಲ್ಲಿ ನಿಂತು ಸ್ನಾನ ಮಾಡ್ಬೇಕಾ ಎರ್ಗಶಣ್ಣ?"

"ಗಾಳಿ ಚೆನ್ನಾಗಿರುತ್ತಪ್ಪ."

ಆಮೇಲೆ ಬಂದವನು ಎದುರು ಮನೆಯ ಸಲಿಮ್‌ಜಾನ್, ಗೇಟು ಬೆಸೆಯುವವನು. ಏಳು ತುಂಡುಗಳ ಮೆರವಣಿಗೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ತುರ್ಗುನ್ ಬೇಡ ಅನ್ನುವಷ್ಟರಲ್ಲಿ ಗೋಡೆಯ ಪೈಪಿನ ಮರೆ, ಅಂದರೆ ತಿರುಪಿನ ಸುತ್ತುಗೆರೆ, ಇದ್ದ ತುದಿಯನ್ನೇ ಗರಗಸದಲ್ಲಿ ಕೊಯ್ದು, ಉಳಿದದ್ದನ್ನು ಕಾಯಿಸಿ ಬಡಿದು ಬಾಯಿ ಕಿರಿದು ಮಾಡಿ, ಅರ್ಧ ಇಂಚಿನ ತುಂಡೊಂದನ್ನು ಬೆಸೆದೇಬಿಟ್ಟ. ಶವರ್ ತಿರುಗಿಸಿ ಕೂರಿಸಿದರು, ನೀರು ಬಿಟ್ಟರು.

ಮಳೆ! ಸಾಕ್ಷಾತ್ ಮಳೆ! ಎಲ್ಲಿಯೂ ಒಂದು ಹನಿ ಸೋರಲಿಲ್ಲ. ತುರ್ಗುನ್‌ಗೆ ಕಣ್ಣು ತುಂಬಿ ಬಂತು, ಅಂಗಿ ಸಮೇತ ಅದರ ಕೆಳಗೆ ನಿಂತ. ಮಸ್ತೂರಾ ಬಕೆಟ್ಟಿಗೆ ಕ್ಯಾರೆಟ್ ಸಿಪ್ಪೆ ತುಂಬುತ್ತ, "ಇನ್ನು ಇದಕ್ಕೆ ಇದೇ ಕೆಲಸ" ಅಂತ ನಕ್ಕಳು.

ಆರೂ ಕಾಲಿಗೆ ಹಾಸಿಯತ್ ಅತ್ತೆ ಬಂದರು. ಅಷ್ಟರಲ್ಲಿ ಸೇರಿ ಪಲಾವಿಗೆ ಕೂತಿದ್ದ ಕೇರಿಯ ಹನ್ನೆರಡು ಮಂದಿ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟು ವಂದಿಸಿದರು. ಅತ್ತೆ ಗಂಟು ಬಿಚ್ಚಿದರು. ಒಳಗೆ ರೊಟ್ಟಿ, ಒಣ ಏಪ್ರಿಕಾಟ್, ಅದರಡಿ ತಟ್ಟೆಯಗಲದ, ಥಳಥಳ ಹೊಳೆಯುವ ಶವರ್.

"ನೀವು ಸಂಕೋಚದವರು ಅಳಿಯಂದಿರೇ, ಕೇಳೋರಲ್ಲ. ಅದಕ್ಕೆ ಹೋದ ಸಲವೇ ನಿಮ್ಮ ಗೋಡೆ ಪೈಪಿಗೆ ನೂಲು ಸುತ್ತಿ ಅಳತೆ ತಗೊಂಡಿದ್ದೆ." ನಲವತ್ತು ವರ್ಷ ಬಟ್ಟೆ ಹೊಲಿದವರು, ಗಂಟು ಹಾಕಿದ ನೂಲನ್ನು ಎತ್ತಿ ತೋರಿಸಿದರು. "ಸರಿಯಾಗಿ ಮುಕ್ಕಾಲು ಇಂಚು! ಹಿಡಿದು ತಿರುಗಿಸಿದ್ರೆ ಆಯ್ತು."

ಹನ್ನೆರಡು ತಲೆ ಒಟ್ಟಿಗೆ ಬಚ್ಚಲ ಕಡೆ ತಿರುಗಿದವು.

ಮೊದಲು ಸುಧಾರಿಸಿಕೊಂಡವರು ಎರ್ಗಶಣ್ಣ. "ಅತ್ತೆ ತಂದದ್ದನ್ನ ಬಿಟ್ಟು ಅಂಗಡೀದು ಹಾಕೋದಾ? ನಾಚಿಕೆಗೇಡು! ಸಲಿಮ್‌ಜಾನ್, ಏಳೋ!"

"ತಡೀರಿ, ತಡೀರಿ..." ಅಂತ ತುರ್ಗುನ್ ಓಡುವಷ್ಟರಲ್ಲಿ ಗರಗಸ ತನ್ನ ಕೆಲಸ ಮುಗಿಸಿತ್ತು. ಬೆಸೆದ ತುಂಡು ಶವರ್ ಸಮೇತ ಠಣ್ ಅಂತ ನೆಲಕ್ಕೆ ಬಿತ್ತು. ಗೋಡೆಯಲ್ಲಿ ಉಳಿದದ್ದು ಮುಕ್ಕಾಲು ಇಂಚಿನ ಬೋಳು ಬಾಯಿ, ಮರೆಯಿಲ್ಲದ್ದು. ತಿರುಗಿಸುವುದು ಯಾವುದರ ಮೇಲೆ?

"ಮರೆ ಕೊರೆಯೋ ಸಾಮಾನು ನಮ್ಮ ಭಾವನ ಹತ್ರ ಇದೆ, ನಾಳೆ ಬೆಳಿಗ್ಗೆ ಎಲ್ಲಾರೂ ಬರ್ತೀವಿ," ಅಂದ ಸಲಿಮ್‌ಜಾನ್, ಕೈ ಒರೆಸಿಕೊಳ್ಳುತ್ತ. "ಪಲಾವಿಗೆ ಕ್ಯಾರೆಟ್ ಸ್ವಲ್ಪ ಜಾಸ್ತಿ ಇರ್ಲಿ ಅಣ್ಣಾ."

ತುರ್ಗುನ್‌ಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ನಗುವೇ ಬಂತು. ಬಕೆಟ್ಟಿನ ಸಿಪ್ಪೆ ಸುರಿದು, ಮೂರು ಸಲ ತೊಳೆದು, ಬೋಳು ಪೈಪಿನ ಕೆಳಗೆ ಹಿಡಿದ. ಕಣ್ಣು ಮುಚ್ಚಿ ತೆರೆಯುವುದರೊಳಗೆ ತುಂಬಿತು.

ಅರ್ಧ ಗಂಟೆಯ ಮೇಲೆ ಅತ್ತೆ ತಲೆಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದರು.

"ಪರವಾಗಿಲ್ಲ ಅಳಿಯಂದಿರೇ," ಅಂದರು. "ಈ ಸಲ ಬಕೆಟ್ ಬೇಗ ತುಂಬುತ್ತೆ."