ಸಿಂಹದ ಗಾಡಿಯ ಹ್ಯಾಂಡ್ಲಿಂಗು

ಮನುಷ್ಯ ತಾನು ಮಾಡಿದ ವಸ್ತುವಿನ ಬಗ್ಗೆ ಜಂಬ ಪಟ್ಟರೆ ಅದಕ್ಕೊಂದು ಅರ್ಥವಿದೆ. ಯಾರೋ ಮಾಡಿದ್ದನ್ನು ಕೊಂಡು ತಂದು, ಅದರ ಗುಣವೆಲ್ಲ ತನ್ನದೇ ಎಂದು ಬೀಗುವವನಿಗೆ ಏನೆನ್ನಬೇಕು? ನನಗೆ ಆ ಶಬ್ದ ಗೊತ್ತು, ಆದರೆ ನನ್ನನ್ನು ನಾನೇ ಬೈದುಕೊಳ್ಳಲು ಮನಸ್ಸಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಕಡ್ಡಿ ಹಿಡಿದವನು ನಾನು. ಈಗ ರಾಣೇಬೆನ್ನೂರಿನಲ್ಲಿ ಸ್ವಂತ ಶೆಡ್ಡಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತೇನೆ. ಮೇಡ್ಲೇರಿಯಿಂದ ಗುತ್ತಲದವರೆಗೆ ಗೋವಿನಜೋಳ ಹೊತ್ತು ಓಡಾಡುವ ಟ್ರೇಲರುಗಳಲ್ಲಿ ನನ್ನವು ಬೇಕಾದಷ್ಟಿವೆ. ಒಂದರ ಬೆಸುಗೆಯೂ ಬಿಟ್ಟಿಲ್ಲ. ಅದನ್ನು ನಾನು ಯಾರೆದುರೂ ಹೇಳಿಕೊಂಡು ತಿರುಗಿದವನಲ್ಲ. ಹೇಳಿಕೊಂಡು ತಿರುಗಿದ್ದೆಲ್ಲ ನನ್ನ ಫ್ರಾನ್ಸಿನ ಕಾರಿನ ವಿಷಯ.

ಮೂಗಿನ ಮೇಲೆ ಸಿಂಹದ ಗುರುತು, ಹಿಂದೆ ಮೇಲಕ್ಕೆತ್ತುವ ಬಾಗಿಲು, ಡೀಸೆಲ್ ಎಂಜಿನ್. ಹೊಸವು ಬರುವುದು ನಿಂತು ವರ್ಷಗಳಾಗಿ ಬಿಡಿಭಾಗಗಳೂ ಸಿಗದ ಕಾರಣ ಹುಬ್ಬಳ್ಳಿಯವರೊಬ್ಬರು ಅಗ್ಗಕ್ಕೆ ದಾಟಿಸಿದ್ದರು. ಓಟ ಅಷ್ಟಕ್ಕಷ್ಟೆ. ಆದರೆ ತಿರುವಿನಲ್ಲಿ ಅದರ ನಡತೆ ನೋಡಬೇಕು. ನಾನು ಮಾಡುವ ಟ್ರೇಲರಿಗೆ ಸ್ಪ್ರಿಂಗೇ ಇರುವುದಿಲ್ಲ. ತಿರುಗು ಎಂದರೆ ಗೊಣಗುತ್ತ ತಿರುಗುತ್ತದೆ. ಈ ಕಾರಿನ ಕೆಳಗೆ ಬ್ಯಾಟರಿ ಹಿಡಿದು ಮಲಗಿ ನೋಡಿದೆ: ಹಿಂದಿನ ಗಾಲಿಗಳಿಗೆ ಸುರುಳಿ ಸ್ಪ್ರಿಂಗೂ ಇಲ್ಲ, ಪಟ್ಟಿ ಜೋಡಿಸಿದ ಪಾಟಾ ಕೂಡ ಇಲ್ಲ, ಅಡ್ಡಕ್ಕೆ ಹಾಕಿದ ಉಕ್ಕಿನ ಸರಳುಗಳು. ಗಾಲಿ ಏರಿದರೆ ಸರಳು ತಿರುಚಿಕೊಳ್ಳುತ್ತದೆ, ಇಳಿದರೆ ಬಿಚ್ಚಿಕೊಳ್ಳುತ್ತದೆ, ಒದ್ದೆ ಬಟ್ಟೆ ಹಿಂಡಿ ಬಿಟ್ಟಂತೆ. ಕಬ್ಬಿಣದವನಾದ ನನಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸ್ಟೇರಿಂಗಿನ ಮೇಲೆ ಕೈಯಿಟ್ಟರೆ ರಸ್ತೆಯ ಮೇಲೆ ಬಿದ್ದ ಜೋಳದ ಕಾಳೂ ಅಂಗೈಗೆ ತಿಳಿಯಬೇಕು. ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದರೆ ಬಾಲ ಮೆಲ್ಲಗೆ ಹೊರಗೆ ಸರಿದು, ಮೂಗು ತಾನಾಗಿ ಒಳಗೆ ಹೊರಳುತ್ತಿತ್ತು. ಇದಕ್ಕೆ ಹ್ಯಾಂಡ್ಲಿಂಗ್ ಎನ್ನುತ್ತಾರೆ ಎಂದು ಹುಬ್ಬಳ್ಳಿಯವರೇ ಕಲಿಸಿಕೊಟ್ಟಿದ್ದರು. ಶಬ್ದ ಸಿಕ್ಕಿದ್ದೇ ತಪ್ಪಾಯಿತು.

ರದ್ದಿ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರಲ್ಲಿ ನನ್ನ ಕಾರಿನದೇ ಜಾತಿಯ ಕೆಂಪು ಕಾರು ತಿರುವಿನಲ್ಲಿ ಹಿಂದಿನ ಒಂದು ಗಾಲಿಯನ್ನು ಗಾಳಿಗೆತ್ತಿ ನಿಂತಿತ್ತು. ಮಗಳಿಂದ ಓದಿಸಿದೆ. "ಹಾಟ್ ಹ್ಯಾಚ್ ಅಂತ ಬರದಾರಪ್ಪ. ಬಿಸಿ ಗಾಡಿ," ಎಂದಳು. "ನಮ್ದೂ ಬಿಸಿ ಆಕ್ಕೈತಲ್ಲ, ಏರು ಹತ್ತೂವಾಗ." ಹೆಂಡತಿ ಗಂಗವ್ವ ಬಗ್ಗಿ ಚಿತ್ರ ನೋಡಿ, "ನಾಯಿ ಕಂಬಕ್ಕ ಕಾಲೆತ್ತಿದಂಗ ಐತಿ," ಎಂದು ಒಳಗೆ ಹೋದಳು. ನಾನು ಚಿತ್ರಕ್ಕೆ ಕಟ್ಟು ಹಾಕಿಸಿ ಶೆಡ್ಡಿನಲ್ಲಿ ತೂಗುಹಾಕಿದೆ.

ಆಗ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ನಡೆದಿತ್ತು. ಹಾವೇರಿಯವರೆಗೆ ಅಲ್ಲಲ್ಲಿ ಕಲ್ಲಿಟ್ಟು, ರಸ್ತೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿದ್ದರು. ಲೋಕವೆಲ್ಲ ಬೈಯುತ್ತಿದ್ದಾಗ ನಾನೊಬ್ಬ ಖುಷಿಯಾಗಿದ್ದೆ. ಸಪಾಟು ಸೀಮೆಯಲ್ಲಿ ಪುಕ್ಕಟೆ ತಿರುವು ಯಾರು ಕೊಡುತ್ತಾರೆ? ಪ್ರತಿ ತಿರುವಿನಲ್ಲೂ ಕಾಲು ಸಡಿಲಿಸಿ, ಬಾಲ ಸರಿದದ್ದನ್ನು ಪಕ್ಕದವರು ಗಮನಿಸಿದರೋ ಇಲ್ಲವೋ ಎಂದು ಅವರ ಮುಖ ನೋಡಿ, "ಹೆಂಗೈತಿ ಹ್ಯಾಂಡ್ಲಿಂಗು?" ಎನ್ನುತ್ತಿದ್ದೆ. "ಛಲೋ ಐತ್ರಿ," ಎನ್ನುತ್ತಿದ್ದರು. ಬರಬರುತ್ತ ನೆಂಟರು ಕಾರು ಹತ್ತುವುದು ಕಡಿಮೆಯಾಯಿತು. ಒಬ್ಬರಿಗೆ ಬಸ್ಸಿನ ಗಾಳಿ ಹಿತ, ಇನ್ನೊಬ್ಬರಿಗೆ ದಾರಿಯಲ್ಲಿ ಯಾರನ್ನೋ ಕಾಣಬೇಕು. ದೊಡ್ಡ ಗಾಡಿ ಎಂದು ಸಂಕೋಚಪಡುತ್ತಾರೆ, ಪಾಪ, ಎಂದುಕೊಂಡೆ.

ಬ್ಯಾಡಗಿಯಲ್ಲಿದ್ದ ಅತ್ತೆಗೆ ಕಣ್ಣಿನ ಪೊರೆ ತೆಗೆಸಬೇಕಾಯಿತು. ನನಗೆ ತಾಯಿಯಿಲ್ಲ; ಅತ್ತೆಯೇ ಎಲ್ಲ. ಮದುವೆಯ ಹೊತ್ತಿಗೆ ನನ್ನ ಸುಟ್ಟ ಕೈ ನೋಡಿ ಬೀಗರಲ್ಲಿ ಕೆಲವರು ಮೂಗು ಮುರಿದಾಗ, "ದುಡಿಯೋ ಕೈ ಅದು" ಎಂದವರು ಅವರೊಬ್ಬರೇ. ಆ ಋಣಕ್ಕೆ ನಾನು ಮುಂಚೆಯೇ ಹೇಳಿಬಿಟ್ಟಿದ್ದೆ: "ಅತ್ತೀರ, ಆಪರೇಶನ್‌ಗೆ ನಾನ ಕರಕೊಂಡು ಹೊಕ್ಕೇನಿ. ನಮ್ಮ ಗಾಡ್ಯಾಗ ಕಣ್ಣಾಗಿನ ನೀರು ಸೈತ ಅಲಗೂದಿಲ್ಲ." ಅವರು "ಆತ್ರಿ ಅಳಿಯಾರ" ಎಂದಿದ್ದರು. ದಿನ ಯಾವುದೆಂದು ಮಾತ್ರ ಯಾರೂ ಹೇಳಲಿಲ್ಲ. ಅಷ್ಟರಲ್ಲಿ ಗಂಗವ್ವ, ಮೆಣಸಿನಕಾಯಿ ತೊಟ್ಟು ಬಿಡಿಸಲು ಅವ್ವನಿಗೆ ಆಸರೆಯಾಗುತ್ತೇನೆಂದು ತವರಿಗೆ ಹೋದಳು.

ಒಂದು ಮಧ್ಯಾಹ್ನ ಕಬ್ಬಿಣ ನೋಡಲು ಹಾವೇರಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಮುಂದೆ, ಒಂದು ಕಣ್ಣಿಗೆ ಬಿಳಿ ಪಟ್ಟಿ, ಮೇಲೆ ಕರಿ ಕನ್ನಡಕ ಹಾಕಿದ ಮುದುಕಿಯೊಬ್ಬಳನ್ನು ಹೆಂಗಸೊಬ್ಬಳು ತೋಳು ಹಿಡಿದು ನಡೆಸಿಕೊಂಡು ಹೋಗುತ್ತಿದ್ದಳು. ಅಯ್ಯೋ ಪಾಪ, ಮನೆಯಲ್ಲಿ ಗಂಡಸರಿಲ್ಲವೇನೋ ಎಂದು ಮರುಗಿದೆ. ಹೆಂಗಸು ತಿರುಗಿದಳು. ಗಂಗವ್ವ.

ಕಾರು ನಿಲ್ಲಿಸಿ ಇಳಿದೆ. "ಯಾಕ, ನಾನೇನು ಸತ್ತಿದ್ದೆನೇನು?" ಎಂದೆ.

"ಬಾಯಾಗ ಎಂಥಾ ಮಾತು ಬರ್ತಾವ್ರಿ. ಬ್ಯಾಡಗ್ಯಾಗ ಖಾರದ ಘಾಟು, ಸೀನಬಾರದು ಅಂದ್ರು. ಅದಕ ನಮ್ಮ ಮನಿಗೇ ಕರಕೊಂಡು ಬರಾಕತ್ತಿದ್ದೆ."

"ಬಸ್ಸಿನ್ಯಾಗ?"

"ಅಲಗಾಡಬಾರದು ಅಂದಾರ್ರಿ ಡಾಕ್ಟರು."

"ಮತ್ತ ಬಸ್ ಅಲಗಾಡೂದಿಲ್ಲೇನು?"

ಗಂಗವ್ವ ನೆಲ ನೋಡಿದಳು. "ಅಲಗಾಡತೈತ್ರಿ. ಆದ್ರ ಡ್ರೈವರ್ ತಿರುವಿನ್ಯಾಗ ನಮ್ಮ ಮಾರಿ ನೋಡೂದಿಲ್ಲ."

ಬಿಸಿ ಕಬ್ಬಿಣ ಎಷ್ಟೋ ಸಲ ಮೈಮೇಲೆ ಬಿದ್ದಿದೆ. ಅದು ಚರ್ಮಕ್ಕಷ್ಟೇ ತಾಕುತ್ತಿತ್ತು. ಅತ್ತೆಯ ಚೀಲ ಕೈಗೆ ತೆಗೆದುಕೊಂಡೆ. "ಗಂಗಾ, ಪಾಪ ಅಂವ ಇಷ್ಟು ಮರ್ಯಾದಿಲೆ ನಿಂತಾನ, ಹೋಗೂಣು," ಎಂದರು ಅತ್ತೆ, ನಾನು ಕಿವುಡನೆಂಬಂತೆ. ಮುಂದಿನ ಸೀಟಿನಲ್ಲಿ ಕೂರಿಸಿದೆ. ಕೂತದ್ದೇ ತಡ, ಕಾಣದ ಕಣ್ಣಲ್ಲೂ ತಡವರಿಸದೆ ಅವರ ಕೈ ಬಾಗಿಲ ಮೇಲಿನ ಹಿಡಿಕೆಗೆ ಹೋಯಿತು.

"ಹ್ಯಾಂಡ್ಲಿಂಗ್ ಸಡ್ಲ ಆಗೇತಿ ನೋಡ್ರಿ ಅಳಿಯಾರ. ಒಂದು ಸ್ಕ್ರೂ ಹಾಕಸ್ರಿ."

"ಅದು ಹ್ಯಾಂಡ್ಲಿಂಗಲ್ರಿ ಅತ್ತೀರ, ಹಿಡಿಕಿ."

"ಹಂಗೇನು? ನೀವು ಹ್ಯಾಂಡ್ಲಿಂಗ್ ಹೆಂಗೈತಿ ಅಂದಾಗೆಲ್ಲ ಇದನ್ನ ಜಗ್ಗಿ ನೋಡಿ ಛಲೋ ಐತಿ ಅಂತಿದ್ದೆ. ಖರೇನ ಛಲೋ ಇತ್ತು. ಇದಿಲ್ಲಂದ್ರ ನಾ ಎಂದೋ ನಿಮ್ಮ ತೊಡಿ ಮ್ಯಾಲೆ ಬೀಳತಿದ್ದೆ."

ಹಿಂದೆ ಗಂಗವ್ವ ಸೆರಗು ಬಾಯಿಗೆ ಹಿಡಿದಳು. ನಾನು ಹಿಡಿಕೆ ನೋಡಿದೆ. ಹಿಡಿದು ಹಿಡಿದು ಗುಡಿಯ ಹೊಸ್ತಿಲಿನಂತೆ ನುಣುಪಾಗಿತ್ತು. ಒಂದು ಕಡೆಯ ಬೇರು ಕಿತ್ತು ಬಂದಿತ್ತು. ನನ್ನ ತಲೆಯ ಮೇಲೆ ನೋಡಿದೆ: ಡ್ರೈವರಿಗೆ ಹಿಡಿಕೆಯೇ ಕೊಟ್ಟಿಲ್ಲ. ಒಂದು ಬೆಸುಗೆಯೂ ಬಿಡದ ಮನುಷ್ಯನ ಕಾರಿನಲ್ಲಿ, ಹೆಣ್ಣುಮಕ್ಕಳು ಜೀವ ಹಿಡಿದುಕೊಂಡ ಜಾಗವೇ ಬಿಟ್ಟಿತ್ತು.

ಹೊರಟೆವು. ಅಷ್ಟು ಮೆಲ್ಲಗೆ ನಾನು ಮೆರವಣಿಗೆಯಲ್ಲೂ ನಡೆದಿಲ್ಲ. ಮೋಟೆಬೆನ್ನೂರಿನ ಹತ್ತಿರ ನಾನೇ ಮಾಡಿದ ಟ್ರೇಲರೊಂದು, ಖಾಲಿ, ಗಡಗಡ ಎಂದು ನಮ್ಮನ್ನು ದಾಟಿತು. ಟ್ರ್ಯಾಕ್ಟರಿನವನು ಗುರುತು ಹಿಡಿದು, "ಕೆಟ್ಟೈತೇನ್ರಿ ಯಜಮಾನ್ರ, ಹಗ್ಗ ಹಾಕ್ಲೇನು?" ಎಂದು ಕೂಗಿದ. ಬೇಡವೆಂದು ಕೈಮಾಡಿದೆ. ತಿರುವು ಬಂತು. ಕಾಲು ತುರಿಸಿತು. ಮೊಟ್ಟೆಯ ಬುಟ್ಟಿ ಹೊತ್ತವನಂತೆ ಸುತ್ತಿದೆ. ಮತ್ತೊಂದು ತಿರುವು, ಮತ್ತೂ ಮೆಲ್ಲಗೆ. ಅತ್ತೆಯ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಹಿಡಿಕೆಯ ಮೇಲಿನ ಕೈ ಒಂದೊಂದೇ ಬೆರಳು ಬಿಚ್ಚಿ, ಜಾರಿ, ಮಡಿಲಿಗೆ ಬಂದು ಬಿತ್ತು. ನಿದ್ದೆ ಹತ್ತಿತ್ತು. ನನ್ನ ಕಾರಿನಲ್ಲಿ ಮನುಷ್ಯರು ನಿದ್ದೆ ಮಾಡಿದ್ದು ಅದೇ ಮೊದಲು.

ನನಗೆ ಎದೆ ತುಂಬಿ ಬಂತು. ಇದಲ್ಲವೇ ಹ್ಯಾಂಡ್ಲಿಂಗು, ಕಂಡರೇ ಯಾರಾದರೂ ಎಂದು ಅತ್ತೆಯ ಮುಖದ ಕಡೆ ತಿರುಗಿದೆ.

"ಮುಂದ ನೋಡ್ರಿ," ಎಂದಳು ಗಂಗವ್ವ ಹಿಂದಿನಿಂದ.